ಸ್ಲ್ಯಾಪ್‌ಸ್ಟಿಕ್: ಪೆಟ್ಟು ಸಣ್ಣದು, ಸದ್ದು ದೊಡ್ಡದು

ಓದುಗರ ಪತ್ರ: ಸಿನಿಮಾ ವಿಮರ್ಶೆಗಳಲ್ಲಿ ‘ಸ್ಲ್ಯಾಪ್‌ಸ್ಟಿಕ್ ಹಾಸ್ಯ’ ಎಂದು ಬರೆಯುತ್ತೀರಿ. ಕಪಾಳಕ್ಕೆ ಹೊಡೆಯುವ ಹಾಸ್ಯ ಎಂದರ್ಥವೇ? ಅದು ನಿಜವಾದ ಕೋಲಾದರೆ ಶಾಲೆಯ ನಾಟಕಕ್ಕೆ ಮಾಡಿಕೊಳ್ಳಬಹುದೇ?

ಸಂಪಾದಕರ ಉತ್ತರ: ಕೋಲು ನಿಜ, ಮಾಡಿಕೊಳ್ಳಲೂಬಹುದು. 16ನೇ ಶತಮಾನದ ಇಟಲಿಯಲ್ಲಿ ನಟನೆಯನ್ನೇ ಕಸುಬು ಮಾಡಿಕೊಂಡ ತಂಡಗಳು ಹುಟ್ಟಿದವು. ಪಾದುವಾದಲ್ಲಿ 1545ರಲ್ಲಿ ನಟರು ಮಾಡಿಕೊಂಡ ಒಪ್ಪಂದಪತ್ರ ಇದಕ್ಕೆ ಸಾಕ್ಷಿ. ಕಥೆಯ ಹಂದರವಷ್ಟೇ ಇಟ್ಟುಕೊಂಡು ಮಾತನ್ನು ರಂಗದ ಮೇಲೆಯೇ ಕಟ್ಟುತ್ತಿದ್ದ ಈ ನಾಟಕಗಳನ್ನು ಈಗ ಕೊಮೇಡಿಯಾ ದೆಲ್ಲಾರ್ತೆ ಎನ್ನುತ್ತೇವೆ. ಅವುಗಳಲ್ಲಿ ಬರುವ ಸೇವಕನ ಪಾತ್ರ ಆರ್ಲೆಕ್ಕೀನೊನ ಸೊಂಟದಲ್ಲಿ ಸದಾ ಇರುವ ಕೋಲು ‘ಬತಾಕ್ಕಿಯೊ’. ಗಂಟೆಯ ನಾಲಿಗೆಗೂ ಇಟಾಲಿಯನ್ನಿನಲ್ಲಿ ಇದೇ ಹೆಸರು. ‘ಸ್ಲ್ಯಾಪ್‌ಸ್ಟಿಕ್’ ಎಂಬ ಇಂಗ್ಲಿಷ್ ಪದ ಇಂಥ ಕೋಲಿಗೆ ಬಂದದ್ದು 19ನೇ ಶತಮಾನದ ಕೊನೆಗೆ, ಅಮೆರಿಕದಲ್ಲಿ. ಮುಂದೆ ಏಟು, ಬೀಳಾಟಗಳಿಂದ ನಗಿಸುವ ಹಾಸ್ಯಕ್ಕೂ ಅದೇ ಹೆಸರಾಯಿತು.

ಬತಾಕ್ಕಿಯೊ ಒಂದೇ ಕೋಲಲ್ಲ, ಹಿಡಿಯ ಬಳಿ ಕೂಡಿಸಿದ ಎರಡು ತೆಳು ಹಲಗೆಪಟ್ಟಿ. ಬೀಸಿದಾಗ ಒಂದು ಪಟ್ಟಿ ಮೈಗೆ ತಾಗಿ ನಿಲ್ಲುತ್ತದೆ, ಹಿಂದಿನದು ಬಂದು ಅದಕ್ಕೆ ಬಡಿಯುತ್ತದೆ. ಸದ್ದು ಮರಕ್ಕೆ ಮರ ಬಡಿದದ್ದರದು, ಮೈಗೆ ಬಿದ್ದ ಪೆಟ್ಟಿನದಲ್ಲ.

ಸುಮಾರು 45 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪದ ಎರಡು ಪಟ್ಟಿ ತೆಗೆದುಕೊಳ್ಳಿ. ಹಿಡಿಯ ಭಾಗದಲ್ಲಿ 12 ಸೆಂ.ಮೀ. ಉದ್ದಕ್ಕೆ ನಡುವೆ 6 ಮಿ.ಮೀ. ದಪ್ಪದ ತುಂಡಿಟ್ಟು ಅಂಟು ಹಾಕಿ, ಮೇಲೆ ಹುರಿ ಬಿಗಿಯಾಗಿ ಸುತ್ತಿ. ಮೊಳೆ ಬೇಡ, ಸಡಿಲಾದರೆ ಚುಚ್ಚುತ್ತದೆ. ಅಂಚು, ಮೂಲೆಗಳನ್ನೆಲ್ಲ ಉಜ್ಜುಕಾಗದದಿಂದ ದುಂಡಗೆ ಮಾಡಿ. ಸದ್ದು ಬರದಿದ್ದರೆ ಪಟ್ಟಿ ಬಾಗದಷ್ಟು ದಪ್ಪವಿದೆ, ಇಲ್ಲವೇ ನಡುವಿನ ಸಂದು ಹೆಚ್ಚಾಗಿ ಎರಡೂ ಕೂಡುತ್ತಿಲ್ಲ ಎಂದು ತಿಳಿಯಿರಿ. ಗಂಟಿರುವ ಮರ ಬೇಗ ಸೀಳುತ್ತದೆ. ಪ್ರತಿ ಪ್ರದರ್ಶನಕ್ಕೂ ಮೊದಲು ಬೆರಳಾಡಿಸಿ ಸಿಬಿರು ನೋಡಿ.

ಹೊಡೆಯುವುದು ಚಪ್ಪಟೆ ಮುಖದಿಂದ, ಅದೂ ಕುಂಡೆಯ ಮೇಲೆ ಮಾತ್ರ. ತಲೆ, ಬೆನ್ನುಹುರಿ, ಕೀಲುಗಳ ಹತ್ತಿರ ಒಯ್ಯಲೇಬಾರದು. ತೋಳಿನ ಬಲ ಬೇಡ, ಮಣಿಕಟ್ಟಿನ ಕುಲುಕು ಸಾಕು. ನಗು ಹುಟ್ಟಿಸುವವನು ಏಟು ತಿಂದವನೇ: ಸದ್ದಾದ ಕ್ಷಣಕ್ಕೇ ಅವನು ನೆಗೆಯಬೇಕು. ಮೊದಲೇ ನೆಗೆದರೆ ಗುಟ್ಟು ರಟ್ಟು, ತಡವಾದರೆ ಏಟೇ ಸುಳ್ಳು. ಆದ್ದರಿಂದ ಇಬ್ಬರೂ ಮೊದಲು ಕೋಲಿಲ್ಲದೆ, ಎಣಿಕೆ ಹಾಕಿಕೊಂಡು ಅಭ್ಯಾಸ ಮಾಡಲಿ. ಇಷ್ಟು ಲೆಕ್ಕಾಚಾರ ಬೇಡುವ ಕಲೆಯನ್ನು ನಮ್ಮ ವಿಮರ್ಶಕರು ‘ಅಗ್ಗದ ಹಾಸ್ಯ’ ಎಂದು ತಳ್ಳಿಹಾಕುವುದು ಅನ್ಯಾಯ.

ಸದ್ದು ಹೇಗಿರಬೇಕೆಂದು ತಿಳಿಯಲು 1932ರಲ್ಲಿ ಮೊದಲು ನುಡಿಸಿದ, ಫ್ರೆಂಚ್ ಸಂಗೀತಕಾರ ರಾವೆಲ್‌ನ ಜಿ ಮೇಜರ್ ಪಿಯಾನೊ ಕಾನ್ಸರ್ಟೊ (ಪಿಯಾನೊ ಹಾಗೂ ವಾದ್ಯವೃಂದಕ್ಕೆ ಬರೆದ ಕೃತಿ) ಕೇಳಿ. ಶುರುವಿನ ಆ ‘ಛಟ್’ ಎರಡು ಹಲಗೆ ಬಡಿಯುವ ಇಂಥದೇ ವಾದ್ಯದ್ದು.