ಕನ್ನಡ ಅಕ್ಷರ ಕಾಣ್ಲಿಕ್ಕೆ ‘ಎನೇಬಲ್’ ಒತ್ತುವವರಿಗೆ

ಪೆರ್ಲದ ಅಣ್ಣಾ, ನೀವು ನಿನ್ನೆ ಹಾಕಿದ ಫೋಟೋ ನೋಡಿದೆ. ಪಂಪ್‌ಸೆಟ್ ಸಬ್ಸಿಡಿಯ ಕನ್ನಡ ಫಾರಂ ಅಂತ ಯಾವ್ದೋ ಸೈಟಿಂದ ವರ್ಡ್ ಫೈಲ್ ಇಳಿಸಿದ್ದೀರಿ, ಮ್ಯಾಕ್ರೊ (ಫೈಲಿನ ಒಳಗೆ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಬ್ಲಾಕ್ ಆಗಿದೆ ಅಂತ ಕೆಂಪು ಪಟ್ಟಿ ಬಂದಿದೆ, ಯೂಟ್ಯೂಬ್ ನೋಡಿ ಪ್ರಾಪರ್ಟೀಸಲ್ಲಿ ಅನ್‌ಬ್ಲಾಕ್ ಟಿಕ್ ಹಾಕಿದ್ದೀರಿ, ಈಗ ವಿಂಡೋಸಿನದ್ದೇ ಆಂಟಿವೈರಸ್ ಡಿಫೆಂಡರ್ ಕಿರಿಕಿರಿ ಮಾಡ್ತದೆ ಅದನ್ನೂ ಆಫ್ ಮಾಡ್ಲಾ ಅಂತ ಕೇಳ್ತಿದ್ದೀರಿ. ಬೇಡ ಮಾರಾಯ್ರೆ! ಮೊದ್ಲು ನೆಟ್ ಕಟ್ ಮಾಡಿ. ಕೆಳಗೆ ಕೆಲವ್ರು ‘ಆಫ್ ಮಾಡಿ, ಎಂತ ಆಗುದಿಲ್ಲ’ ಅಂತ ಬರ್ದಿದ್ದಾರೆ, ಅವರ ಕಂಪ್ಯೂಟರ್ ಹೇಗುಂಟೋ ದೇವರಿಗೇ ಗೊತ್ತು.

ಇದೇ ಥರ ಒತ್ತಿ ಅನುಭವಿಸಿದವ ನಾನು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಓದಿ.

ನಮ್ಮ ಕಾಸರಗೋಡು ಕಡೆ ಈ ತಪ್ಪು ಹೆಚ್ಚಾಗ್ಲಿಕ್ಕೆ ಒಂದು ಕಾರಣ ಉಂಟು. ಫಾರಂ ಬರುದು ಮಲಯಾಳದಲ್ಲಿ, ನಮ್ಗೆ ಬೇಕಾದ್ದು ಕನ್ನಡದಲ್ಲಿ, ಯಾರೋ ‘ನುಡಿ’ಯಲ್ಲೋ ‘ಬರಹ’ದಲ್ಲೋ (ಕನ್ನಡ ಟೈಪಿಂಗಿನ ಸಾಫ್ಟ್‌ವೇರ್) ಟೈಪ್ ಮಾಡಿದ ಹಳೇ ವರ್ಡ್ ಫೈಲ್ ಸಿಕ್ತದೆ, ತೆರೆದ್ರೆ ಅಕ್ಷರ ಇಲ್ಲ. ಆಗ ಪಟ್ಟಿಯಲ್ಲಿ ಯಾವ ಬಟನ್ ಕಂಡ್ರೂ ಒತ್ತಿಬಿಡುದು. ಆದ್ರೆ ಫಾಂಟ್ ಇಲ್ಲದ ನುಡಿ ಫೈಲ್ ಹೇಗೆ ಕಾಣ್ತದೆ ಗೊತ್ತುಂಟಲ್ವಾ, ಇಂಗ್ಲಿಷ್ ಅಕ್ಷರಗಳಿಗೆ ತಲೆ ಮೇಲೆ ಚುಕ್ಕಿ, ಗೀಟು, ಮಧ್ಯೆ ಪೌಂಡ್ ಗುರುತು, ಹೀಗೆ ಪುಟ ಇಡೀ. ಅದು ಫಾಂಟ್ ಹಾಕಿದ್ರೆ ಸರಿ ಆಗ್ತದೆ, ಮ್ಯಾಕ್ರೊ ಆನ್ ಮಾಡಿದ್ರೆ ಸರಿ ಆಗುದಿಲ್ಲ. ನಿಮ್ಮ ಫೋಟೋದಲ್ಲಿ ಇದ್ದದ್ದು ಅದಲ್ಲ. ಪುಟದ ನಡುವೆ ಒಂದು ಚಿತ್ರ, ‘ಇದು ಹಳೇ ವರ್ಡಲ್ಲಿ ಮಾಡಿದ್ದು, ನೋಡ್ಲಿಕ್ಕೆ ಎನೇಬಲ್ ಕಂಟೆಂಟ್ ಒತ್ತಿ’ ಅಂತ. ಆ ಚಿತ್ರ ವೈರಸ್ ಮಾಡಿದವರೇ ಅಂಟಿಸಿದ್ದು, ವರ್ಡ್ ಹೇಳುದಲ್ಲ ಅದು. ಹೆಸರು, ಸರ್ವೆ ನಂಬ್ರ, ಬ್ಯಾಂಕ್ ಖಾತೆ ತುಂಬಿಸುವ ಫಾರಮಿಗೆ ಮ್ಯಾಕ್ರೊ ಎಂತಕ್ಕೆ?

ಇದು ಹಳೇ ಆಟವೇ. 1999ರಲ್ಲಿ ಮೆಲಿಸ್ಸಾ ಅನ್ನುವ ವೈರಸ್ ಬಂದದ್ದೂ ವರ್ಡ್ ಮ್ಯಾಕ್ರೊದಲ್ಲೇ. ಮೈಕ್ರೋಸಾಫ್ಟಿನವ್ರಿಗೆ ಬುದ್ಧಿ ಬಂದದ್ದು 2022ಕ್ಕೆ, ನೆಟ್ಟಿಂದ ಬಂದ ಫೈಲಿನ ಮ್ಯಾಕ್ರೊ ತಾನಾಗೇ ಬ್ಲಾಕ್ ಆಗುದು ಆ ಮೇಲೆ. ಅನ್‌ಬ್ಲಾಕ್ ಟಿಕ್ ಹಾಕಿದ್ರೆ ‘ಇದು ನೆಟ್ಟಿಂದ ಬಂದದ್ದು’ ಅನ್ನುವ ಗುರುತನ್ನೇ ಅಳಿಸಿದ ಹಾಗೆ, ಮತ್ತೆ ಪ್ರೊಟೆಕ್ಟೆಡ್ ವ್ಯೂ (ಬರೀ ಓದ್ಲಿಕ್ಕೆ ಮಾತ್ರ ತೆರೆಯುವ ವರ್ಡಿನ ವ್ಯವಸ್ಥೆ) ಕೂಡ ಬರುದಿಲ್ಲ. ಇನ್ನೊಂದು, ಡಿಟಿಪಿ ಅಂಗಡಿಯಿಂದ ಪೆನ್‌ಡ್ರೈವಲ್ಲಿ ತಂದ ಫೈಲಿಗೆ ಆ ಗುರುತು ಸಾಮಾನ್ಯ ಇರುದೇ ಇಲ್ಲ, ಫ್ಯಾಟ್32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಲ್ಲಿ ಅದು ಉಳಿಯುದಿಲ್ಲ. ಅಂಥದ್ದಕ್ಕೆ ಕೆಂಪು ಬರುದಿಲ್ಲ, ಹಳದಿ ಪಟ್ಟಿ ಬರ್ತದೆ, ಒಂದೇ ಒತ್ತಿಗೆ ಕೆಲಸ ಮುಗೀತು. ಕೆಂಪು ಬಂದಿಲ್ಲ ಅಂತ ಧೈರ್ಯ ಮಾಡ್ಬೇಡಿ.

ನಾನು ಮಾಡುದು ಹೇಳ್ತೇನೆ. ಗೊತ್ತಿಲ್ಲದ ಕಡೆಯಿಂದ ಬಂದ ವರ್ಡ್, ಎಕ್ಸೆಲ್ ಯಾವ್ದನ್ನೂ ಆಫೀಸಲ್ಲಿ ತೆರೆಯುದೇ ಇಲ್ಲ. ಗೂಗಲ್ ಡ್ರೈವಿಗೆ ಹಾಕಿ ಅಲ್ಲೇ ನೋಡುದು, ಪ್ರಿಂಟ್ ಬೇಕಿದ್ರೆ ಅಲ್ಲಿಂದ್ಲೇ ಪಿಡಿಎಫ್ ಮಾಡಿ ತೆಗೆಯುದು. ಫೈಲಿನ ಮ್ಯಾಕ್ರೊ ಅಲ್ಲಿ ಓಡುದಿಲ್ಲ. ಪ್ರೊಟೆಕ್ಟೆಡ್ ವ್ಯೂನಲ್ಲಿ ಓದ್ಲಿಕ್ಕೆ ಆಗ್ತದೆ, ಪ್ರಿಂಟ್ ಆಗುದಿಲ್ಲ, ಜನ ಎಡವುದು ಅಲ್ಲೇ: ಪ್ರಿಂಟಿಗೆ ಅಂತ ಒಂದು ಎನೇಬಲ್, ಅದರ ಹಿಂದೆಯೇ ಮ್ಯಾಕ್ರೊಗೆ ಇನ್ನೊಂದು ಎನೇಬಲ್. ಆದ್ರೆ ಡ್ರೈವಲ್ಲಿ ನುಡಿ ಫಾಂಟ್ ಇಲ್ಲ, ನುಡಿ ಫೈಲಾದ್ರೆ ಅದೇ ಚುಕ್ಕಿ ಗೀಟು ಕಾಣ್ತದೆ. ಅದಕ್ಕೆ ವರ್ಡ್ ಫೈಲ್ ತೆರೆಯುವ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆ ಆಫೀಸ್ ಇಟ್ಕೊಂಡಿದ್ದೇನೆ. ಟೂಲ್ಸ್, ಆಪ್ಶನ್ಸ್, ಸೆಕ್ಯುರಿಟಿ, ಮ್ಯಾಕ್ರೊ ಸೆಕ್ಯುರಿಟಿಗೆ ಹೋಗಿ ‘ವೆರಿ ಹೈ’ ಮಾಡಿಟ್ಟಿದ್ದೇನೆ. ಫಾಂಟ್ ಕಂಪ್ಯೂಟರಲ್ಲಿದ್ರೆ ಕನ್ನಡ ಚಂದ ಬರ್ತದೆ. ಟೇಬಲ್ ಸ್ವಲ್ಪ ಅಡ್ಡಾದಿಡ್ಡಿ ಆಗ್ತದೆ, ಬಾಕ್ಸ್ ಜಾರಿ ಕೆಳಗೆ ಹೋಗ್ತದೆ, ಆಗ್ಲಿ. ಲಿಬ್ರೆ ಆಫೀಸನ್ನೂ ಅಪ್‌ಡೇಟ್ ಮಾಡ್ತಾ ಇರ್ಬೇಕು, ಅದೇನು ದೇವರಲ್ಲ.

ಮತ್ತೆ ಮ್ಯಾಕ್ರೊ ಒತ್ತದಿದ್ರೆ ಸಾಕು ಅಂತಲೂ ಇಲ್ಲ. 2017ರಲ್ಲಿ ಆಫೀಸಿನ ಈಕ್ವೇಶನ್ ಎಡಿಟರಲ್ಲಿ (ಗಣಿತದ ಸೂತ್ರ ಬರೆಯುವ ಭಾಗ) ಸಿಕ್ಕಿದ ತೂತಿಗೆ ಮ್ಯಾಕ್ರೊ ಬೇಕಾಗಿರ್ಲಿಲ್ಲ, ಫೈಲ್ ತೆರೆದ್ರೆ ಸಾಕಿತ್ತು. 2022ರಲ್ಲಿ ಸಿಕ್ಕಿದ ಫೋಲಿನಾ ಅನ್ನುವ ತೂತು ಇನ್ನೂ ಕೆಟ್ಟದ್ದು, ಆರ್‌ಟಿಎಫ್ (ವರ್ಡಲ್ಲಿ ತೆರೆಯುವ ಇನ್ನೊಂದು ಜಾತಿ) ಫೈಲಾದ್ರೆ ಎಕ್ಸ್‌ಪ್ಲೋರರ್ ಬದಿಯ ಪ್ರಿವ್ಯೂನಲ್ಲಿ ಕಂಡ್ರೂ ಸಾಕು. ಎರಡಕ್ಕೂ ತೂತು ಮುಚ್ಚುವ ಪ್ಯಾಚ್ ಬಂದಾಗಿದೆ, ಆದ್ರೆ ಬರುದು ಅಪ್‌ಡೇಟ್ ಮಾಡುವವರಿಗೆ. ನಮ್ಮಲ್ಲಿ ಅಂಗಡಿಯವ ಕ್ರ್ಯಾಕ್ ಮಾಡಿ ಹಾಕಿಕೊಟ್ಟ ಆಫೀಸ್ 2007 ಇನ್ನೂ ಎಷ್ಟು ಮನೆಯಲ್ಲಿಲ್ಲ! ಅದಕ್ಕೆ ಅಪ್‌ಡೇಟ್ ನಿಂತದ್ದೇ 2017ರಲ್ಲಿ. ಅದನ್ನಿಟ್ಕೊಂಡು ‘ಯಾವ ಆಂಟಿವೈರಸ್ ಒಳ್ಳೇದು’ ಅಂತ ಕೇಳುದು ಬೇಲಿ ಇಲ್ಲದ ತೋಟದ ಗೇಟಿಗೆ ಬೀಗ ಹುಡುಕಿದ ಹಾಗೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗಿದಿದೆ, ನೆನಪಿರ್ಲಿ.

ಆಂಟಿವೈರಸ್ ವಿಷಯ: ಮನೆಗೆ ಡಿಫೆಂಡರ್ ಸಾಕು, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರ್ಬೇಡಿ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ದುಡ್ಡು ಕೊಟ್ಟು ಹಾಕಿದ್ರೆ ಇರ್ಲಿ, ತೆಗೆಯುದು ಬೇಡ. ಎರಡೆರಡು ಹಾಕ್ಬೇಡಿ ಅಷ್ಟೇ. ಹಲವು ಆಂಟಿವೈರಸಲ್ಲಿ ಒಟ್ಟಿಗೆ ನೋಡುವ ವೈರಸ್‌ಟೋಟಲ್ ಸೈಟಿಗೆ ಫೈಲ್ ಹಾಕಿ ನೋಡ್ಬಹುದು, ಅಲ್ಲಿ ಕ್ಲೀನ್ ಅಂದ ಕೂಡ್ಲೆ ಕ್ಲೀನ್ ಅಂತ ಅಲ್ಲ, ಹೊಸದ್ದು ತಪ್ಪಿಸಿಕೊಳ್ತದೆ. ಆಧಾರ್ ನಂಬ್ರ ತುಂಬಿಸಿದ ಫಾರಂ ಮಾತ್ರ ಅಲ್ಲಿಗೆ ಹಾಕ್ಬೇಡಿ, ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಹೋಗ್ತದೆ.

ನನ್ನದ್ದು ಹೋದದ್ದು ಹೇಗೆ ಅಂದ್ರೆ, ಬ್ಯಾಕಪ್ ಇತ್ತು, ಆದ್ರೆ ಆ ಡಿಸ್ಕನ್ನು ಯಾವಾಗ್ಲೂ ಸಿಕ್ಕಿಸಿಯೇ ಇಟ್ಟಿದ್ದೆ. ಅಡಿಕೆ ಲೆಕ್ಕ, ಜಾಗೆಯ ದಸ್ತಾವೇಜಿನ ಸ್ಕ್ಯಾನ್, ತೆರಿಗೆ ರಶೀದಿ ಎಲ್ಲದರ ಹೆಸರಿನ ಕೊನೆಗೆ ಎಂತದೋ ಅಕ್ಷರ ಸೇರಿ ಕೂತಿತ್ತು, ಡಿಸ್ಕಲ್ಲಿದ್ದದ್ದಕ್ಕೂ ಅದೇ ಗತಿ. ಈಗ ಕಾಪಿ ಮಾಡಿ ಡಿಸ್ಕ್ ಕಿತ್ತು ಗೋದ್ರೇಜ್ ಕಪಾಟಿಗೆ. ಹೀಗೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸಿಗೆ ರಾನ್ಸಮ್‌ವೇರ್ ಅಂತಾರೆ; ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ, ಗೊತ್ತಿಲ್ಲದ ಪ್ರೋಗ್ರಾಂ ನಮ್ಮ ಫೋಲ್ಡರ್ ಮುಟ್ಟದ ಹಾಗೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಉಂಟು, ಅದನ್ನೂ ಆನ್ ಮಾಡಿದ್ದೇನೆ. ಡಿಫೆಂಡರ್ ಇದ್ರೆ ಮಾತ್ರ ಅದು ಕೆಲಸ ಮಾಡುದು, ಮತ್ತೆ ಕೆಲವು ಹಳೇ ಸಾಫ್ಟ್‌ವೇರಿಗೆ ಸೇವ್ ಮಾಡ್ಲಿಕ್ಕೆ ಬಿಡುದಿಲ್ಲ, ಒಂದೊಂದಕ್ಕೇ ಅಲೋ ಕೊಡ್ಬೇಕು.

ಪಿಡಿಎಫ್ ಆದ್ರೆ ಸೇಫ್ ಅಂತ ಮೇಲೆ ಒಬ್ರು ಹೇಳಿದ್ರು. ಹೆಚ್ಚು ಕಡಿಮೆ ಹೌದು. ಪಿಡಿಎಫ್ ನೋಡುವ ಸುಮಾತ್ರಾ ಪಿಡಿಎಫ್ ಸಾಫ್ಟ್‌ವೇರ್ ಹಗುರ, ಜಾವಾಸ್ಕ್ರಿಪ್ಟ್ (ಪಿಡಿಎಫ್ ಒಳಗೆ ಓಡುವ ಕೋಡ್) ಇಲ್ಲ, ನಂಗೆ ಅದೇ ಇಷ್ಟ. ಸರ್ಟಿಫಿಕೇಟಿನ ಡಿಜಿಟಲ್ ಸಹಿ ನೋಡ್ಲಿಕ್ಕೆ ಅಡೋಬಿ ಬೇಕಾಗ್ತದೆ, ಅದರ ಪ್ರಿಫರೆನ್ಸಸಲ್ಲಿ ಜಾವಾಸ್ಕ್ರಿಪ್ಟ್ ಟಿಕ್ ತೆಗ್ದಿಡಿ. ಆದ್ರೆ ಅದು ನಿಜವಾಗಿ ಪಿಡಿಎಫ್ಫೇ ಹೌದಾ? ಎಕ್ಸ್‌ಪ್ಲೋರರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಆನ್ ಮಾಡಿ, ಇಲ್ದಿದ್ರೆ ‘ಅರ್ಜಿ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ಯ ಕೊನೆ ಬಾಲ ಕಾಣುದಿಲ್ಲ. ಜಿಪ್ ಫೈಲ್ ಕಳ್ಸಿ ಪಾಸ್‌ವರ್ಡ್ ಅದೇ ಮೆಸೇಜಲ್ಲಿ ಕೊಟ್ಟಿದ್ರೆ ಡಿಲೀಟ್ ಮಾಡಿ, ಸ್ಕ್ಯಾನ್ ತಪ್ಪಿಸ್ಲಿಕ್ಕೇ ಹಾಗೆ ಮಾಡುದು. ಫೋನಲ್ಲಿ ಮದುವೆ ಕಾಗದ, ಆರ್‌ಟಿಒ ಚಲನ್ ಅಂತ ಎಪಿಕೆ (ಆ್ಯಪ್ ಹಾಕುವ ಫೈಲ್) ಬರುದೂ ಇದೇ ಜಾತಿ, ಮದುವೆ ಕಾಗದವನ್ನು ಇನ್‌ಸ್ಟಾಲ್ ಮಾಡುದುಂಟಾ?

ಅಣ್ಣಾ, ನೀವು ಈಗ ಮಾಡ್ಬೇಕಾದ್ದು: ಆ ಕಂಪ್ಯೂಟರಲ್ಲಿ ಬ್ಯಾಂಕಿಂಗ್ ಬೇಡ, ಡಿಫೆಂಡರಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ, ಅದೇ ರೀಸ್ಟಾರ್ಟ್ ಆಗಿ ನೋಡ್ತದೆ. ಪಾಸ್‌ವರ್ಡ್ ಬದಲಿಸುದು ಫೋನಿಂದ, ಮೊದ್ಲು ಮೇಲ್, ಆಮೇಲೆ ಬ್ಯಾಂಕ್. ದುಡ್ಡು ಹೋದದ್ದು ಕಂಡ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೆಳಿಗ್ಗೆ ಮಾಡುವಾ ಅಂತ ಕೂರ್ಬೇಡಿ. ಸ್ಕ್ಯಾನಲ್ಲಿ ಎಂತದಾದ್ರೂ ಸಿಕ್ಕಿದ್ರೆ ನಾನಾದ್ರೆ ವಿಂಡೋಸನ್ನೇ ಹೊಸತಾಗಿ ಹಾಕ್ತಿದ್ದೆ.

ಫಾರಮಿಗೆ ಸೈಟ್ ಸೈಟ್ ಹುಡುಕುದು ಬೇಡ, ಕೃಷಿ ಭವನದಲ್ಲಿ ಕೇಳಿ, ಇಲ್ದಿದ್ರೆ ಅಕ್ಷಯ ಸೇವಾ ಕೇಂದ್ರದಲ್ಲಿ ಕೇರಳ ಕೃಷಿ ಇಲಾಖೆಯ ಏಮ್ಸ್ ಪೋರ್ಟಲ್ ಮೂಲಕವೇ ಹಾಕ್ಸಿ. ಕಳೆದ ಸಲ ಕೃಷಿ ಭವನದಿಂದ ತಂದ ಒಂದು ಕನ್ನಡ ಪ್ರತಿ ನನ್ನ ಹತ್ರ ಉಂಟು. ಸಂಜೆ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕ್ತೇನೆ, ವರ್ಡಲ್ಲಿ ಕೊಡಿ ಅಂತ ಮಾತ್ರ ಯಾರೂ ಕೇಳ್ಬೇಡಿ.