ಆಟದ ಹೀರೋಗೂ ಹಸಿವಾಗ್ಲಿ ಬಿಡಿ

ಪ್ರಶ್ನೆ: ಸರ್, ಸ್ಕೈರಿಮ್ ಅನ್ನೋ ವಿಡಿಯೋ ಗೇಮ್ ಆಡ್ತಿದೀನಿ, ನನ್ನ ಕ್ಯಾರೆಕ್ಟರ್ ಬರೀ ಹೊಡಿಯೋ ಮಷಿನ್ ಥರ ಅನ್ಸುತ್ತೆ. ಜೀವ ಇರೋ ಹಂಗೆ ಮಾಡೋದ್ ಹೆಂಗೆ?
– ಓದುಗ, ಮದ್ದೂರು

ಉತ್ತರ: ಮೊದ್ಲು ಫಾಸ್ಟ್ ಟ್ರಾವೆಲ್ (ಮ್ಯಾಪಲ್ಲಿ ಜಾಗ ಒತ್ತಿ ಸೀದಾ ಅಲ್ಲಿಗೆ ಹಾರೋದು) ಬಿಟ್ಬಿಡಿ. ಮೈಸೂರಿಂದ ನಿಮ್ಮೂರಿಗೆ ಬರೋವಾಗ ಶ್ರೀರಂಗಪಟ್ಣ, ಮಂಡ್ಯ ದಾಟ್ಕೊಂಡೇ ಬರ್ತೀರಲ್ವಾ, ಹಂಗೇ ನಿಮ್ಮ ಹೀರೋನೂ ನಡೀಲಿ, ಇಲ್ಲಾಂದ್ರೆ ಆಟದಲ್ಲಿರೋ ವೈಟ್‌ರನ್ ಊರಿನ ಹೊರಗೆ ನಿಂತಿರೋ ಗಾಡಿಗೆ ಕಾಸು ಕೊಟ್ಟು ಹತ್ಲಿ. 2011ರ ಗೇಮ್ ಆದ್ರೂ ಆಮೇಲೆ ಬಂದ ಸರ್ವೈವಲ್ ಮೋಡ್ ಆನ್ ಮಾಡಿದ್ರೆ ಹಸಿವು, ಚಳಿ, ಸುಸ್ತು ಎಲ್ಲಾ ಶುರು, ಗಾಯ ತಾನಾಗೇ ವಾಸಿಯಾಗಲ್ಲ, ನಿದ್ದೆ ಮಾಡ್ದೆ ಲೆವೆಲ್ಲೂ ಏರಲ್ಲ. ಇದಕ್ಕಿಂತ ಮುಖ್ಯ, ಅವ್ನು ಏನ್ ಮಾಡಲ್ಲ ಅನ್ನೋದು ಫಿಕ್ಸ್ ಮಾಡ್ಕಳಿ, ಕದಿಯಲ್ಲ ಅಂದ್ರೆ ಚಿನ್ನ ಕಣ್ಮುಂದೆ ಬಿದ್ದಿದ್ರೂ ಮುಟ್ಟಂಗಿಲ್ಲ (ಕಷ್ಟ ಕಣ್ರೀ!). ಎಡವಟ್ಟಾದಾಗೆಲ್ಲಾ ಹಳೇ ಸೇವ್ ಲೋಡ್ ಮಾಡಿ ಹಿಂದಕ್ಕೆ ಹೋಗೋ ಚಟನೂ ಬಿಡಿ.