ಪ್ರಶ್ನೆ: ಅಮೆರಿಕದ ನಮ್ಮ ಕನ್ನಡ ಕೂಟದ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ತುರ್ತು ನೆರವು) ಶಿಬಿರಕ್ಕೆ ಪಕ್ಕದ ಬಡಾವಣೆಯ ಕಪ್ಪು ಜನ ಏಕೆ ಬರುತ್ತಿಲ್ಲ?

ಅನಾಸಕ್ತಿಯಲ್ಲ, ಬಹುಶಃ ಶುಲ್ಕ ಮತ್ತು ಜಾಗವೇ ಕಾರಣ. ಹಣ ಕೊಟ್ಟು, ಕೆಲಸಕ್ಕೆ ರಜೆ ಹಾಕಿ, ಪರಿಚಯವಿಲ್ಲದ ಕನ್ನಡ ಕೂಟದ ಸಭಾಂಗಣಕ್ಕೆ ಯಾರು ತಾನೇ ಬರುತ್ತಾರೆ?

ಮೊದಲು ಸರ್ಟಿಫಿಕೇಟ್ ಕೈಬಿಡಿ. ಬಾಯಿಂದ ಉಸಿರು ಕೊಡದೆ, ಬರೀ ಎದೆ ಒತ್ತುವುದನ್ನು ಅರ್ಧ ಗಂಟೆಯಲ್ಲಿ ಉಚಿತವಾಗಿ ಕಲಿಸಬಹುದು: ತುರ್ತು ಸೇವೆಯ 911ಕ್ಕೆ ಕರೆ ಮಾಡಿ ಫೋನ್ ಸ್ಪೀಕರ್‌ಗೆ ಹಾಕುವುದು, ಎದೆಯ ನಟ್ಟನಡುವೆ ಕನಿಷ್ಠ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ಆಮೇಲೆ ಜಾಗ ಬದಲಿಸಿ. ಅಲ್ಲಿನ ಚರ್ಚಿನ ಪಾದ್ರಿಯನ್ನೋ ಕ್ಷೌರದಂಗಡಿಯವರನ್ನೋ ಕಂಡು ಮಾತಾಡಿ, ಅವರು ಹೇಳಿದ ದಿನ ಅಭ್ಯಾಸದ ಬೊಂಬೆಗಳನ್ನು ಅಲ್ಲಿಗೇ ಒಯ್ಯಿರಿ. ಕಲಿಸುವವರಲ್ಲಿ ಒಬ್ಬರಾದರೂ ಆ ಬಡಾವಣೆಯವರಿರಲಿ.

ಇಷ್ಟು ಮಾಡಿದರೂ ಅರ್ಧ ಕೆಲಸವಷ್ಟೇ. 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ನೋಡಿ. ಅಮೆರಿಕದಲ್ಲಿ ಸಾರ್ವಜನಿಕ ಸ್ಥಳದಲ್ಲಿ, ಇನ್ನೊಬ್ಬರ ಕಣ್ಣೆದುರೇ ಹೃದಯಸ್ತಂಭನವಾದಾಗ ಬಿಳಿಯರಲ್ಲಿ ಶೇ. 60 ಮಂದಿಗೆ ಸುತ್ತಲಿದ್ದವರಿಂದ ಸಿಪಿಆರ್ ಸಿಕ್ಕಿತ್ತು. ಕಪ್ಪು ಮತ್ತು ಹಿಸ್ಪಾನಿಕ್ ಜನರಲ್ಲಿ ಶೇ. 45.6 ಮಂದಿಗೆ ಮಾತ್ರ. ಮನೆಯೊಳಗಿನ ಅಂತರಕ್ಕಿಂತ ಇದು ದೊಡ್ಡದು. ಇದರಲ್ಲಿ ಪೂರ್ವಗ್ರಹದ ಪಾಲೆಷ್ಟು ಎಂದು ಈ ಅಂಕಿಗಳೇ ಹೇಳುವುದಿಲ್ಲ. ಆದರೆ ಸುತ್ತ ಜನರಿದ್ದೂ ಕೈ ಮುಂದೆ ಬರಲಿಲ್ಲವೆಂದರೆ, ತರಬೇತಿ ಬೇಕಾಗಿರುವುದು ಬಿದ್ದವರ ಬಡಾವಣೆಗೆ ಮಾತ್ರವಲ್ಲ, ನೋಡುತ್ತ ನಿಂತವರಿಗೂ, ಅಂದರೆ ನಮ್ಮವರಿಗೂ.

ಹಾಗಾಗಿ ಕೂಟದ ಶಿಬಿರ ನಿಲ್ಲಿಸಬೇಡಿ. ಅಲ್ಲಿ ಕಪ್ಪು ಮೈಬಣ್ಣದ ಬೊಂಬೆ, ಹೆಣ್ಣು ಬೊಂಬೆ ಎರಡನ್ನೂ ಬಳಸಿ. ಕೇಸು ಬೀಳುತ್ತದೆಂದು ಹಿಂಜರಿಯುವವರಿಗೆ, ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ರಕ್ಷಿಸುವ ಗುಡ್ ಸಮರಿಟನ್ ಕಾನೂನು 50 ರಾಜ್ಯಗಳಲ್ಲೂ ಇದೆ ಎಂದು ತಿಳಿಸಿ. ನಿಮ್ಮ ರಾಜ್ಯದ ಪಠ್ಯವನ್ನು ಮುದ್ರಿಸಿ ಹಂಚಿ.